ಓಲಗದವರ ಕಣ್ಣು ಮಂಟಪದ ಮೇಲಿರಲಿ

ಛತ್ರ ಹಿಡಿಯಲು ವರ್ಷ ಮೊದಲೇ ಓಡಾಡುವವರು, ಊಟದ ಪಟ್ಟಿಗೆ ಮತ್ತೆ ಮತ್ತೆ ಕೂರುವವರು, ವಾದ್ಯದ ಮಾತು ಬಂದರೆ ಮಾತ್ರ “ಅದನ್ನ ಛತ್ರದವ್ರೇ ನೋಡ್ಕೋತಾರೆ ಬಿಡಿ” ಎಂದುಬಿಡುತ್ತಾರೆ. ಸದ್ದೇ ಬೇಕೆಂದರೆ ಪೆನ್‌ಡ್ರೈವ್ ಸಾಕು. ಆದರೆ ಅದಕ್ಕೆ ಪುರೋಹಿತರ ಕೈಸನ್ನೆ ಕಾಣುವುದಿಲ್ಲ. ಎದುರು ಕೂತು ನುಡಿಸುವವರಿಗೆ ನೀವು ದುಡ್ಡು ಕೊಡುವುದೇ ಆ ಕಣ್ಣಿಗೆ.

1. ಮೊದಲು ಪುರೋಹಿತರು, ಆಮೇಲೆ ವಾದ್ಯದವರು. ವರಪೂಜೆ, ಕಾಶಿಯಾತ್ರೆ, ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ, ಹೀಗೆ ನಿಮ್ಮ ಮನೆಯ ಪದ್ಧತಿಯಂತೆ ಶಾಸ್ತ್ರಗಳನ್ನು ಬರೆದುಕೊಳ್ಳಿ. ಎಲ್ಲಿ ವಾದ್ಯ ಬೇಕು, ಎಲ್ಲಿ ಮಂತ್ರ ಕೇಳಿಸಬೇಕು ಎಂದು ಗುರುತು ಹಾಕಿಸಿ. ಸಪ್ತಪದಿಯ ಹೊತ್ತಿಗೆ ಡೋಲು ಸುಮ್ಮನಿದ್ದರೇ ಚೆಂದ.

2. ನಿಮ್ಮ ಸೀಮೆಯ ವಾದ್ಯ ಯಾವುದೆಂದು ನೋಡಿ. ಮೈಸೂರು ಕಡೆ ನಾದಸ್ವರ, ಡೋಲು. ಉತ್ತರ ಕರ್ನಾಟಕದಲ್ಲಿ ಸನಾದಿ, ಸಂಬಾಳ. ಕೊಡಗಿನಲ್ಲಿ ವಾಲಗ. ದಕ್ಷಿಣ ಕನ್ನಡದ ಮದುವೆಗಳಲ್ಲಿ ಸ್ಯಾಕ್ಸೊಫೋನ್ ಈಗ ಹೊರಗಿನದಲ್ಲ. ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಕದ್ರಿ ಗೋಪಾಲನಾಥ್ ಅವರ ತಂದೆ ನಾದಸ್ವರದವರು; ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದಕ್ಕೆ ಮನಸೋತರು. ಹೆಣ್ಣು ಧಾರವಾಡದ್ದು, ಗಂಡು ಮೈಸೂರಿನವನು ಎಂದಾದರೆ? ಸಂಜೆಯ ಶಾಸ್ತ್ರ ಒಬ್ಬರಿಗೆ, ಮುಹೂರ್ತ ಇನ್ನೊಬ್ಬರಿಗೆ. ಎರಡನ್ನೂ ಒಂದೇ ಮಂಟಪದೆದುರು ಕೂರಿಸಿದರೆ ಬೀಗರ ಜಗಳ ವಾದ್ಯದಲ್ಲೇ ಶುರುವಾಗುತ್ತದೆ.

3. ಗಟ್ಟಿಮೇಳದಲ್ಲಿ ಅಳೆಯಿರಿ. ಮೇಳದವರ ಕಸುಬು ಗೊತ್ತಾಗುವುದು ಅರ್ಧ ಗಂಟೆ ನುಡಿಸಿದ ಕೃತಿಯಲ್ಲಲ್ಲ, ಈ ಅರೆನಿಮಿಷದಲ್ಲಿ. ಅಂತಃಪಟ ಸರಿದಿದೆ, ಜೀರಿಗೆ ಬೆಲ್ಲ ತಲೆಯ ಮೇಲೆ ಬಿದ್ದಿದೆ, ತಾಳಿಯ ತಟ್ಟೆ ಹಿರಿಯರ ಕೈಯಿಂದ ಕೈಗೆ ಮುಟ್ಟಿಸಿಕೊಂಡು ವಾಪಸ್ಸು ಬರುತ್ತಿದೆ. ನಾದಸ್ವರ ಇನ್ನೂ ಪಲ್ಲವಿಯಲ್ಲೇ ಇದೆ. ಪುರೋಹಿತರು ಕೈ ಎತ್ತಿ “ಗಟ್ಟಿಮೇಳ, ಗಟ್ಟಿಮೇಳ” ಎಂದರೋ ಇಲ್ಲವೋ, ಒಳ್ಳೆಯ ಮೇಳ ಸಾಲನ್ನು ಅಲ್ಲೇ ಕೈಬಿಟ್ಟು ಡೋಲಿನ ಮೇಲೆ ಬೀಳುತ್ತದೆ. ಸೀನು, ಕೆಮ್ಮು, ಅಪಶಬ್ದ ಯಾವುದೂ ಆ ಗಳಿಗೆಯಲ್ಲಿ ಕಿವಿಗೆ ಬೀಳಬಾರದು ಎಂಬುದು ಹಿರಿಯರ ಲೆಕ್ಕ. ಮೂರನೇ ಗಂಟು ಬಿದ್ದ ಮೇಲೆ ಸದ್ದು ಇಳಿಸುವುದೂ ಅಷ್ಟೇ ಮುಖ್ಯ. ಎಷ್ಟೋ ಮೇಳಗಳಿಗೆ ಏರಿಸಲು ಬರುತ್ತದೆ, ಇಳಿಸಲು ಬರುವುದಿಲ್ಲ. ಮೊಬೈಲಿನಲ್ಲಿ ಕಳಿಸಿದ ವಿಡಿಯೋದಲ್ಲಿ ಇದು ತಿಳಿಯದು. ಅವರು ನುಡಿಸುವ ಬೇರೊಂದು ಮದುವೆಗೆ ಹೋಗಿ, ಮುಹೂರ್ತದ ಹೊತ್ತಿಗೆ ಮಂಟಪ ಬಿಟ್ಟು ಡೋಲಿನವರನ್ನೇ ನೋಡಿ.

4. ಕೂರಿಸುವ ಜಾಗ ನೀವೇ ತೋರಿಸಿ. ಕಂಬದ ಹಿಂದೆ, ಬಾಗಿಲ ಪಕ್ಕ ತಳ್ಳಬೇಡಿ. ಮಂಟಪ ನೇರವಾಗಿ ಕಾಣಬೇಕು. ಈಗಿನ ದೊಡ್ಡ ಅಡ್ಡಿ ಎಂದರೆ ಫೋಟೋದವರು: ತಾಳಿ ಕಟ್ಟುವಾಗ ಸರಿಯಾಗಿ ನಡುವೆ ಬಂದು ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಅವರಿಗೆ ಮೊದಲೇ ಹೇಳಿ. ಹೇಳಿದರೂ ನಿಲ್ಲುತ್ತಾರೆ, ಆದ್ದರಿಂದ ಸನ್ನೆ ದಾಟಿಸಲು ಚುರುಕಾದ ಹುಡುಗನೊಬ್ಬನನ್ನು ಡೋಲಿನ ಪಕ್ಕ ನಿಲ್ಲಿಸಿ.

5. ಡೋಲಿಗೆ ಮೈಕ್ ಬೇಡ. ನಾದಸ್ವರ, ಡೋಲು ದೇವಸ್ಥಾನದ ಪ್ರಾಕಾರದಲ್ಲಿ, ಉತ್ಸವದ ಬೀದಿಯಲ್ಲಿ ಬೆಳೆದ ವಾದ್ಯಗಳು. ಮುಚ್ಚಿದ ಹಾಲ್‌ನಲ್ಲಿ ಅವಕ್ಕೆ ಮೈಕ್ ಕೊಟ್ಟರೆ ಮುಂದಿನ ಸಾಲಿನ ಅಜ್ಜಿಯರು ಎದ್ದು ಊಟದ ಮನೆ ಸೇರುತ್ತಾರೆ. ಆ ಮೈಕ್ ಪುರೋಹಿತರಿಗೆ ಕೊಡಿ. ವೀಣೆ, ಕೊಳಲು, ಪಿಟೀಲಿನ ಕಛೇರಿಯಾದರೆ ಬೇರೆ ಮಾತು. ಅದನ್ನು ಆರತಕ್ಷತೆಗೆ ಇಟ್ಟುಕೊಳ್ಳಿ, ಧ್ವನಿವರ್ಧಕಕ್ಕೆ ಪಳಗಿದವರನ್ನು ಕರೆಸಿ. ಬಯಲಲ್ಲಿ ನಡೆಸುವವರು ರಾತ್ರಿ 10ರ ನಿಯಮ ಮರೆಯಬಾರದು.

6. ಹಾಡು ಹೇಳಿ, ಆದರೆ ನಾಲ್ಕೈದೇ ಹೇಳಿ. ತ್ಯಾಗರಾಜರ ‘ಸೀತಾ ಕಲ್ಯಾಣ’, ಪುರಂದರದಾಸರ ‘ಭಾಗ್ಯದ ಲಕ್ಷ್ಮಿ ಬಾರಮ್ಮ’ ಕೇಳದೆಯೂ ಬರುತ್ತವೆ. ಮದುಮಗಳಿಗೆ ಇಷ್ಟವಾದ ಚಿತ್ರಗೀತೆ ಇದ್ದರೆ ಹದಿನೈದು ದಿನ ಮೊದಲೇ ತಿಳಿಸಿ. ಊಟದ ಪಂಕ್ತಿಯ ಹೊತ್ತು ಅದಕ್ಕೆ ಹೇಳಿ ಮಾಡಿಸಿದ್ದು. ವಾದ್ಯಕ್ಕೆ ಸಾಹಿತ್ಯವಿಲ್ಲ, ಕೇಳುವವರಿಗೆ ಇದೆ: ರಾಗ ಚೆನ್ನಾಗಿದೆ ಎಂದು ವಿರಹದ ಹಾಡು ನುಡಿಸಿದರೆ ಅತ್ತೆಯಂದಿರು ಪದ ಜ್ಞಾಪಿಸಿಕೊಳ್ಳುತ್ತಾರೆ. ಹಕ್ಕುಸ್ವಾಮ್ಯದ ಭಯ ಬೇಡ. 1957ರ ಕಾಯಿದೆಯ 52ನೇ ಸೆಕ್ಷನ್ ಮದುವೆಯ ಮೆರವಣಿಗೆಗೂ ಮದುವೆಗೆ ಸೇರಿದ ಸಮಾರಂಭಗಳಿಗೂ ವಿನಾಯಿತಿ ಕೊಟ್ಟಿದೆ.

7. ಸೋಬಾನೆಗೆ ಜಾಗ ಬಿಡಿ. ಹಸೆಗೆ ಕರೆಯುವ ಹಾಡು ಬಲ್ಲ ಚಿಕ್ಕಮ್ಮ, ದೊಡ್ಡಮ್ಮ ಇದ್ದರೆ ಆ ಹತ್ತು ನಿಮಿಷ ವಾದ್ಯ ನಿಲ್ಲಲಿ. ಶ್ರುತಿ ಸ್ವಲ್ಪ ಆಚೀಚೆ ಆದರೂ ಪರವಾಗಿಲ್ಲ.

8. ಮಾತು ಮುಂಗಡದ ದಿನವೇ ಮುಗಿಯಲಿ. ಎಷ್ಟು ಜನ ಬರುತ್ತಾರೆ, ಹಿಂದಿನ ಸಂಜೆ ಸೇರಿದೆಯೇ, ಮೆರವಣಿಗೆಗೆ ಬೇರೆ ಲೆಕ್ಕವೇ ಎಂದು ಚೀಟಿಯಲ್ಲಿ ಬರೆಸಿ. ನೀವು ಹೋಗಿ ಕೇಳಿದ ಕಲಾವಿದರೇ ಬರುತ್ತಾರೋ, ಅವರ ಹೆಸರಲ್ಲಿ ಬೇರೆಯವರೋ ಎಂದು ಖಚಿತ ಮಾಡಿಕೊಳ್ಳಿ. ಅವರ ತಿಂಡಿ ಮುಹೂರ್ತಕ್ಕೆ ಮೊದಲೇ ಆಗಬೇಕು. ಗಂಟೆಗಟ್ಟಲೆ ಉಸಿರು ಕಟ್ಟಿ ಊದುವವರನ್ನು ಕೊನೆಯ ಪಂಕ್ತಿಗೆ ಕಾಯಿಸುವುದು ಯಾವ ನ್ಯಾಯ? ಇನ್ನೊಂದು ಪ್ರಶ್ನೆ ಕೇಳಲು ಸಂಕೋಚಪಡಬೇಡಿ: “ಅವತ್ತೇ ಬೇರೆ ಮುಹೂರ್ತ ಒಪ್ಕೊಂಡಿದ್ದೀರಾ?” ಒಳ್ಳೆಯ ಲಗ್ನದ ದಿನ ಒಂದೇ ಮೇಳಕ್ಕೆ ಎರಡು ಛತ್ರ ಇರುವುದುಂಟು, ನಿಮ್ಮದು ಎರಡನೆಯದಾದರೆ ನಡುವಿನ ದಾರಿಯ ಟ್ರಾಫಿಕ್ಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.