ಸೀಸನ್ ಪಾಸಿನ ಊರು

2001ರ ಫೆಬ್ರವರಿ ಕೊನೆಯ ದಿನ ಕೋಲಾರದ ಚಿನ್ನದ ಗಣಿಗೆ ಬೀಗ ಬಿತ್ತು. ಆಗ ಹತ್ತು ಗ್ರಾಂ ಚಿನ್ನಕ್ಕೆ ನಾಲ್ಕೂವರೆ ಸಾವಿರ ರೂಪಾಯಿಯೂ ಇರಲಿಲ್ಲ. ಈಗ ಲಕ್ಷ ದಾಟಿದೆ. ಬೆಂಗಳೂರಿನ ಗಾಂಧಿ ಬಜಾರಿನ ಚಿನ್ನದಂಗಡಿಗಳ ಮುಂದೆ ನಿಂತು ‘ಆಗಲೇ ಕೊಂಡಿಟ್ಟಿದ್ದರೆ’ ಎಂದು ಹಲುಬುವವರು ಬಹಳ ಮಂದಿ. ಆ ಚಿನ್ನವನ್ನು ನೆಲದೊಳಗಿಂದ ಎತ್ತಿದವರ ಮನೆಯ ಜಮಾ-ಖರ್ಚು ಏನಾಯಿತೆಂದು ಕೇಳಿದವರನ್ನು ನಾನು ಕಂಡಿಲ್ಲ. ಅದನ್ನು ನೋಡಿ ಬರಬೇಕೆಂದೇ ಒಬ್ಬಳೇ ಹೊರಟೆ. ಮೊದಲು ಕೋಲಾರದ ಕೆಜಿಎಫ್, ಆಮೇಲೆ ರಾಯಚೂರು ಸೀಮೆಯ ಚಿನ್ನದ ಗಣಿಯೂರು ಹಟ್ಟಿ.

ಕೆಜಿಎಫ್‌ಗೆ ಹೋಗುವ ಮಾರಿಕುಪ್ಪಂ ಗಾಡಿಯ ಟಿಕೆಟ್ಟು ನಮ್ಮ ಕಡೆಯ ಒಂದು ಮಸಾಲೆ ದೋಸೆಗಿಂತ ಅಗ್ಗ. ಬೇಕೆಂದೇ ಸಂಜೆಯ ಗಾಡಿ ಹಿಡಿದೆ. ಕೆ.ಆರ್. ಪುರ, ವೈಟ್‌ಫೀಲ್ಡ್ ಬಂದಾಗ ಬೋಗಿಯಲ್ಲಿ ಕಾಲಿಡಲು ಜಾಗವಿಲ್ಲ. ಆಸ್ಪತ್ರೆಯ ಆಯಾಗಳು, ಫಿಟ್ಟರುಗಳು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಸೆಕ್ಯುರಿಟಿಯವರು, ಲ್ಯಾಪ್‌ಟಾಪ್ ಚೀಲದ ಹುಡುಗರು. ತಮಿಳು, ತೆಲುಗು, ಕನ್ನಡ ಒಂದೇ ಮಾತಿನೊಳಗೆ ಬೆರೆಯುತ್ತಿದ್ದವು. ನನಗೆ ಸೀಟು ಮಾಡಿಕೊಟ್ಟ ಹೆಂಗಸಿನ ತಾತ, ಅಪ್ಪ ಇಬ್ಬರೂ ಚಾಂಪಿಯನ್ ರೀಫ್ ಗಣಿಯಲ್ಲಿದ್ದವರು. ಆಕೆ ವೈಟ್‌ಫೀಲ್ಡಿನ ಒಂದು ಆಫೀಸಿನಲ್ಲಿ ಹೌಸ್‌ಕೀಪಿಂಗ್ ಕೆಲಸದಲ್ಲಿದ್ದಾಳೆ. ‘ಸಂಬಳ ಬಂದ ತಕ್ಷಣ ಮೊದಲು ಸೀಸನ್ ಪಾಸ್ ಅಕ್ಕ, ಆಮೇಲೆ ರೇಷನ್ನು, ಸ್ಕೂಲ್ ಫೀಸು ಎಲ್ಲ’ ಎಂದಳು. ಇಷ್ಟು ವರ್ಷ ಹಣಕಾಸಿನ ಬಗ್ಗೆ ಬರೆಯುತ್ತಿದ್ದೇನೆ, ಖರ್ಚಿನ ಪಟ್ಟಿಯಲ್ಲಿ ಮೊದಲು ಏನಿರಬೇಕೆಂದು ಇಷ್ಟು ಸ್ಪಷ್ಟವಾಗಿ ಹೇಳಿದವರನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ. ತಿಂಗಳ ಪಾಸಿಗೆ ಸುಮಾರು ಹದಿನೈದು ಸಲದ ಟಿಕೆಟ್ಟಿನಷ್ಟು ದುಡ್ಡು. ದಿನಾ ಹೋಗಿಬರುವವರಿಗೆ ಎಂಟು ದಿನದಲ್ಲಿ ಅಸಲು ಗಿಟ್ಟುತ್ತದೆ.

ಬಂಗಾರಪೇಟೆಯಿಂದ ಗಾಡಿ ಕವಲು ದಾರಿಗೆ ತಿರುಗುತ್ತದೆ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. 1894ರಲ್ಲಿ ಗಣಿಗಾಗಿಯೇ ಹಾಕಿದ ಹಳಿ ಇದು. ಗಣಿ ಹೋಯಿತು, ಹಳಿ ಉಳಿಯಿತು. ಊರು ಬದುಕಿರುವುದು ಈ ಹಳಿಯ ಮೇಲೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಮೇಲೆ ಇಲ್ಲಿ ಏನೆಲ್ಲ ಬಂತು! ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಗಣಿಗೆ ಬಂತು. ನಮ್ಮ ಸಿಟಿ ಮಾರ್ಕೆಟ್ಟಿನ ದೀಪ ಹತ್ತಿದ್ದು 1905ರಲ್ಲಿ. ಕಾರ್ಮಿಕರಿಗೆ ಲೈನು ಮನೆ, ಬೇತಮಂಗಲದಿಂದ ನೀರು, ಆಸ್ಪತ್ರೆ, ಶಾಲೆ, ಕ್ಲಬ್ಬು, ಎಲ್ಲವೂ ಕಂಪನಿಯದು. 1956ರಲ್ಲಿ ಮೈಸೂರು ಸರ್ಕಾರ ಗಣಿಯನ್ನು ವಹಿಸಿಕೊಂಡಿತು, 1962ರಲ್ಲಿ ಅದು ಕೇಂದ್ರದ ಕೈಗೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಯಜಮಾನ ಬದಲಾದರೂ ವ್ಯವಸ್ಥೆ ಬದಲಾಗಲಿಲ್ಲ. ಸಂಬಳ, ಸೂರು, ಔಷಧಿ, ಮಗನ ನೌಕರಿ ನಾಲ್ಕೂ ಒಂದೇ ಬಾಗಿಲಿನಿಂದ ಬರುತ್ತಿದ್ದವು.

ಮೊದಮೊದಲು ಒಂದು ಟನ್ ಕಲ್ಲು ಪುಡಿ ಮಾಡಿದರೆ 47 ಗ್ರಾಂವರೆಗೆ ಚಿನ್ನ ಸಿಗುತ್ತಿತ್ತಂತೆ. ಕೊನೆಕೊನೆಗೆ ಸಿಗುತ್ತಿದ್ದದ್ದು ಮೂರು ಗ್ರಾಮಿನ ಆಸುಪಾಸು. ಅದಕ್ಕಾಗಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಬೇಕಿತ್ತು. ಒಂದು ಗ್ರಾಂ ತೆಗೆಯುವ ಖರ್ಚು ಅದರ ಬೆಲೆಯನ್ನು ಮೀರಿತು. ಜಗತ್ತಿನ ಮಾರುಕಟ್ಟೆಯಲ್ಲೂ ಚಿನ್ನದ ದರ ಎರಡು ದಶಕಗಳ ಕನಿಷ್ಠ ಮಟ್ಟದ ಹತ್ತಿರವಿದ್ದ ಕಾಲ ಅದು. ಗಣಿ ಮುಚ್ಚಿದಾಗ ನಿಂತದ್ದು ಸಂಬಳವೊಂದೇ ಅಲ್ಲ. ವಾಸವಿದ್ದ ಮನೆಯ ಹಕ್ಕುಪತ್ರದ ಮಾತು ವರ್ಷಗಟ್ಟಲೆ ಎಳೆದಾಡಿತು. ಗಣಿಯ ಆಸ್ಪತ್ರೆಯೂ ಮುಚ್ಚಿತು. ಕಲ್ಲಿನ ಧೂಳು ಕುಡಿದ ಶ್ವಾಸಕೋಶಕ್ಕೆ ಚಿಕಿತ್ಸೆ ಬೇಕಾಗುವುದು ಕೆಲಸ ಬಿಟ್ಟ ಮೇಲಲ್ಲವೇ? ಆ ಹೊತ್ತಿಗೆ ಆಸ್ಪತ್ರೆಯೇ ಇಲ್ಲ. 2021ರ ಕೋವಿಡ್ ಅಲೆಯಲ್ಲಿ ಊರವರೇ ಸೇರಿ ಆ ಪಾಳುಬಿದ್ದ ಕಟ್ಟಡವನ್ನು ಗುಡಿಸಿ, ತೊಳೆದು, ಮತ್ತೆ ಹಾಸಿಗೆ ಹಾಕಿದರು. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಬೂದುಬಣ್ಣದ ಸೈನೈಡ್ ದಿಬ್ಬಗಳನ್ನು ನೋಡಲು ಬರುವವರು ಆ ಆಸ್ಪತ್ರೆಯ ಮುಂದೆಯೂ ಒಂದು ಗಳಿಗೆ ನಿಲ್ಲಬೇಕು.

ಹಟ್ಟಿಗೆ ದಾರಿ ದೂರ. ರಾತ್ರಿ ರೈಲಿನಲ್ಲಿ ರಾಯಚೂರು, ಅಲ್ಲಿಂದ ಬಸ್ಸು. ರೈಲಿನಲ್ಲಿ 58 ದಾಟಿದ ಹೆಂಗಸರಿಗೆ ಇದ್ದ ಅರ್ಧ ದರದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತದ್ದು ಮರಳಿಲ್ಲ. ಅದು ಮರಳಲೇಬೇಕು. ಬಸ್ಸಿನಲ್ಲಿ ಮಾತ್ರ ಶಕ್ತಿ ಯೋಜನೆಯ ಶೂನ್ಯ ಟಿಕೆಟ್, ಆಧಾರ್ ತೋರಿಸಿದರೆ ಸಾಕು. ಒಬ್ಬರೇ ತಿರುಗುವಾಗ ದುಡ್ಡು ಹೋಗುವುದು ಓಡಾಟಕ್ಕಲ್ಲ, ಲಾಡ್ಜಿಗೆ. ಇಬ್ಬರು ಹಂಚಿಕೊಳ್ಳುವ ಕೋಣೆಗೆ ಒಬ್ಬರೇ ಪೂರ್ತಿ ಕೊಡಬೇಕು. ಹಾಗಾಗಿ ಒಂದು ರಾತ್ರಿಯನ್ನಾದರೂ ರೈಲಿನಲ್ಲಿ ಕಳೆಯುವಂತೆ ಹೊಂದಿಸಿಕೊಂಡರೆ ಕೈಗೆ ಹಗುರ.

ಕರಿ ನೆಲ, ಬಂಡೆಗುಡ್ಡ, ಜಾಲಿ, ಹತ್ತು ಗಂಟೆಗೇ ಕಣ್ಣು ಕುಕ್ಕುವ ಬಿಸಿಲು. ಮರುಭೂಮಿಯ ನೆನಪು ತರುವ ಸೀಮೆ ಇದು. ಹತ್ತಿರದ ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನವನ್ನು 1915ರಲ್ಲಿ ಕಂಡವನು ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್. ಹಟ್ಟಿಯ ಹಳೆಯ ಕುಳಿಗಳೂ ಸುಮಾರು ಎರಡು ಸಾವಿರ ವರ್ಷ ಹಿಂದಿನವು. ಈಗಿನ ಕಂಪನಿ 1947ರದು, ರಾಜ್ಯ ಸರ್ಕಾರದ್ದು, ಇಂದಿಗೂ ಚಿನ್ನ ತೆಗೆಯುತ್ತಿದೆ. ಕೆಜಿಎಫ್ ನೋಡಿ ಬಂದ ನನಗೆ ಇಲ್ಲಿನ ತುಂಬಿದ ಸಂತೆ, ಹೊಸ ಬೈಕುಗಳು, ಕ್ಯಾಂಪಿನ ಗದ್ದಲ ನೋಡಿ ಸಂತೋಷವೂ ಆಯಿತು, ಆತಂಕವೂ ಆಯಿತು.

ಚಹದಂಗಡಿಯಲ್ಲಿ ಸಿಕ್ಕ ನಿವೃತ್ತ ಕಾರ್ಮಿಕರೊಬ್ಬರನ್ನು ಉಳಿತಾಯದ ಬಗ್ಗೆ ಕೇಳಿದೆ. ‘ಬಂಗಾರ ಕಂಪನೀದು ನೋಡ್ರಿ ಯವ್ವಾ, ನಮಗ ಪಗಾರ ಅಷ್ಟ’ ಎಂದರು. ಆ ಪಗಾರದಲ್ಲಿ ಉಳಿಸಿ ಲಿಂಗಸುಗೂರು ಕಡೆ ಕಾಲುವೆ ನೀರು ಬರುವಲ್ಲಿ ಒಂದಿಷ್ಟು ಹೊಲ ಮಾಡಿದ್ದಾರೆ. ಮಗನನ್ನು ಗಣಿಗೆ ಕಳಿಸದೆ ಐಟಿಐ ಓದಿಸಿದ್ದಾರೆ. ಅವರ ಕೈಯಲ್ಲಿ ಉಂಗುರವೂ ಇರಲಿಲ್ಲ.

ಇದು ದೂರದ ಗಣಿಯೂರುಗಳ ಕಥೆ ಎಂದು ಬಸವನಗುಡಿಯ ಓದುಗರು ಪಕ್ಕಕ್ಕಿಡಬಾರದು. ನಮ್ಮಪ್ಪ ನಗರದ ಒಂದು ಬಟ್ಟೆ ಗಿರಣಿಯಲ್ಲಿದ್ದರು. ಗಿರಣಿ ನಿಂತಾಗ ನಮ್ಮ ಓದು ನಿಲ್ಲದಿದ್ದುದು ತಾತನ ಕಾಲದ ವಠಾರದ ಎರಡು ಮನೆಗಳ ಬಾಡಿಗೆಯಿಂದ. ಬಾಡಿಗೆ ಸಣ್ಣದು, ಆದರೆ ಗಿರಣಿಗೂ ಅದಕ್ಕೂ ನಂಟಿರಲಿಲ್ಲ. 2020ರ ಜನವರಿಯಲ್ಲಿ ಬಸವನಗುಡಿಯದೇ ಒಂದು ಸಹಕಾರಿ ಬ್ಯಾಂಕಿನಿಂದ 35 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎಂದು ರಿಸರ್ವ್ ಬ್ಯಾಂಕು ಮಿತಿ ಹಾಕಿದಾಗ, ಜೀವಮಾನದ ಗಳಿಕೆಯನ್ನೆಲ್ಲ ಅಲ್ಲೇ ಇಟ್ಟಿದ್ದ ಹಿರಿಯರು ಬಾಗಿಲಲ್ಲಿ ನಿಂತದ್ದು ಈ ಬಡಾವಣೆ ಮರೆತಿಲ್ಲ. ಠೇವಣಿ ವಿಮೆ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿದ್ದು ಅದೇ ವರ್ಷದ ಫೆಬ್ರವರಿ 4ರಂದು. ಅಸಲು, ಬಡ್ಡಿ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷ. ಶಾಖೆ ಬೇರೆಯಾದರೂ ಬ್ಯಾಂಕು ಒಂದೇ ಆದರೆ ಲೆಕ್ಕವೂ ಒಂದೇ. ನಿವೃತ್ತರು ಠೇವಣಿಗಳನ್ನು ಈ ಮಿತಿ ನೋಡಿಕೊಂಡು ಎರಡು ಮೂರು ಬ್ಯಾಂಕುಗಳಲ್ಲಿ ಇಡಲಿ, ಬಡ್ಡಿ ಕಾಲು ಪರ್ಸೆಂಟ್ ಕಡಿಮೆಯಾದರೂ ಸರಿ.

ಊರಿಗೆ ಬಂದ ಮೇಲೆ ಅಕ್ಕನ ಮಗನನ್ನು ಕೂರಿಸಿಕೊಂಡು ಅವನ ಲೆಕ್ಕ ಬರೆಸಿದೆ. ಸಂಬಳ ವೈಟ್‌ಫೀಲ್ಡಿನ ಕಂಪನಿಯದು. ಉಳಿತಾಯದ ದೊಡ್ಡ ಪಾಲು ಅದೇ ಕಂಪನಿ ಕೊಟ್ಟ ಶೇರು. ಸಾಲ ಮಾಡಿ ಕೊಂಡ ಫ್ಲಾಟು ಅದೇ ರಸ್ತೆಯಲ್ಲಿ, ಆ ಕಂಪನಿಗಳು ಇರುವವರೆಗೆ ಅದಕ್ಕೆ ಬೆಲೆ. ಹೆಂಡತಿ ಮಕ್ಕಳು, ಅಪ್ಪ ಅಮ್ಮ ಎಲ್ಲರ ಆರೋಗ್ಯ ವಿಮೆಯೂ ಆಫೀಸಿನದೇ. ಲೈನು ಮನೆಯವರಿಗೆ ಬೇರೆ ದಾರಿಯಿರಲಿಲ್ಲ, ಇವನಿಗಿದೆ. ಮೊದಲು ಸ್ವಂತದ ವಿಮೆ ಮಾಡಿಸು ಎಂದೆ. ಈಗಾಗಲೇ ಇರುವ ಕಾಯಿಲೆಗಳಿಗೆ ವಿಮಾ ಕಂಪನಿ ಮೂರು ವರ್ಷದವರೆಗೆ ಕಾಯಿಸಬಹುದೆಂದು 2024ರಿಂದ ನಿಯಮವಿದೆ. ಕೆಲಸ ಹೋದ ಮೇಲೆ ಹೊಸದಾಗಿ ಮಾಡಿಸಿದರೆ ಆ ಕಾಯುವಿಕೆ ಅಂದಿನಿಂದ ಶುರು. ಅವನ ಅಪ್ಪನಿಗೆ ಸಕ್ಕರೆ ಕಾಯಿಲೆಯಿದೆ, ಅವರಿಗೆ ತಡಮಾಡುವಂತಿಲ್ಲ. ಆಮೇಲೆ ಶೇರು. ಕೈಗೆ ಬಂದಂತೆ ಒಂದಷ್ಟು ಮಾರಿ, ಆ ಕಂಪನಿಯ ನಂಟಿಲ್ಲದ ಕಡೆ ಹಾಕು ಎಂದೆ. ತೆರಿಗೆ ಬೀಳುತ್ತದಲ್ಲ ಚಿಕ್ಕಮ್ಮ ಎಂದ. ಬೀಳುತ್ತದೆ, ಕಟ್ಟು ಎಂದೆ. ವಿಮೆಯ ಅರ್ಜಿ ಹೋದ ವಾರ ಹಾಕಿದ್ದಾನೆ. ಶೇರಿನ ಬಗ್ಗೆ ಇನ್ನೂ ಮನಸ್ಸು ಮಾಡಿಲ್ಲ.