ಮಾತು ಕೇಳಿಸುವಷ್ಟು ದೂರ

ಬಯಲಿನಲ್ಲಿ ಮನುಷ್ಯರ ಚಿತ್ರ ತೆಗೆಯಲು ಯಾವ ಲೆನ್ಸ್ ಕೊಳ್ಳಬೇಕು ಎಂದು ಕೇಳಿಕೊಂಡು ಬರುವ ಹುಡುಗರಿಗೆ ನಾನು ಮೊದಲು ಹಾಕುವ ಪ್ರಶ್ನೆ ಒಂದೇ: ಯಾರ ಎದುರು, ಎಷ್ಟು ದೂರದಲ್ಲಿ ನಿಲ್ಲುತ್ತೀರಿ? ಕಂಪನಿ, ಬೆಲೆ, ಎಫ್ ಸಂಖ್ಯೆ ಇವೆಲ್ಲ ಆಮೇಲಿನ ಮಾತು. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಮನೆ ಮಾಡಿಕೊಂಡು, ಇಲ್ಲಿನ ಅಡ್ಡರಸ್ತೆಗಳಲ್ಲಿ, ಕುಂದವಾಡ ಕೆರೆಯ ಏರಿಯ ಮೇಲೆ, ಹರಿಹರದ ಹೊಳೆದಂಡೆಯಲ್ಲಿ ವರ್ಷಗಟ್ಟಲೆ ಮುಖಗಳನ್ನು ತೆಗೆಯುತ್ತ ಬಂದವನು ನಾನು. ಮುಖದಲ್ಲಿ ಬಿಗುವು ಸಡಿಲವಾಗುವುದು ಮಾತಿನಿಂದ. ಮಾತು ಕೇಳಿಸದಷ್ಟು ದೂರ ಹೋಗಿ ನಿಂತರೆ ಎಷ್ಟು ದುಬಾರಿ ಗಾಜು ಹಾಕಿದರೂ ಎದುರಿನವರು ಕ್ಯಾಮೆರಾಕ್ಕೆ ಹೆದರಿದಂತೆಯೇ ನಿಂತಿರುತ್ತಾರೆ. ಹಾಗಾಗಿ ನನ್ನ ಲೆನ್ಸ್‌ಗಳೆಲ್ಲ ಈ ದೂರದ ಲೆಕ್ಕದ ಮೇಲೆಯೇ ಒಂದೊಂದಾಗಿ ಮನೆಗೆ ಬಂದವು.

ದೂರಕ್ಕೂ ಮುಖದ ಆಕಾರಕ್ಕೂ ನೇರ ಸಂಬಂಧ ಇದೆ. ವೈಡ್ ಲೆನ್ಸ್ ಹಾಕಿದರೆ ಮೂಗು ದಪ್ಪ ಕಾಣುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದರಲ್ಲಿ ಲೆನ್ಸಿನ ತಪ್ಪೇನೂ ಇಲ್ಲ. ವೈಡ್ ಹಾಕಿದವನು ಚೌಕಟ್ಟು ತುಂಬಿಸಲು ಮುಖದ ಹತ್ತಿರ ಹೋಗುತ್ತಾನೆ, ಹತ್ತಿರ ಹೋದದ್ದೇ ಕಾರಣ. ಮೂಗಿನ ತುದಿಯಿಂದ ಕಿವಿಗೆ ಸುಮಾರು 12 ಸೆಂಟಿಮೀಟರ್ ಅಂತರ ಎಂದುಕೊಳ್ಳಿ. ಅರ್ಧ ಮೀಟರ್ ದೂರದಿಂದ ತೆಗೆದರೆ ಕಿವಿಗೆ ಹೋಲಿಸಿದಾಗ ಮೂಗು ಸುಮಾರು ಕಾಲು ಭಾಗ ಹಿಗ್ಗಿ ಕಾಣುತ್ತದೆ. ಎರಡು ಮೀಟರಿಗೆ ಸರಿದರೆ ಆ ಹಿಗ್ಗು ನೂರಕ್ಕೆ ಆರಕ್ಕೆ ಇಳಿಯುತ್ತದೆ. ಎರಡು ಮೀಟರ್ ಎಂದರೆ ಆರೂವರೆ ಅಡಿ. ಗೇಟಿನ ಒಳಗೆ ಒಬ್ಬರು, ಹೊರಗೆ ಒಬ್ಬರು ನಿಂತು ಕುಶಲ ಕೇಳುವಾಗ ನಡುವೆ ಇರುವುದೂ ಹೆಚ್ಚೂಕಡಿಮೆ ಅಷ್ಟೇ. ಮುಖ ಸಹಜವಾಗಿ ಕಾಣುವ ದೂರ, ದನಿ ಏರಿಸದೆ ಮಾತಾಡುವ ದೂರ ಎರಡೂ ಇಲ್ಲಿ ಒಂದಕ್ಕೊಂದು ಕೂಡಿಬರುತ್ತವೆ. ನನಗೆ ಇದು ಈ ಕಲೆಯ ದೊಡ್ಡ ಭಾಗ್ಯವೆಂದೇ ತೋರುತ್ತದೆ.

ಈ ಎರಡು ಮೀಟರನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನ ಲೆಕ್ಕ ಸುಲಭ. ಫುಲ್ ಫ್ರೇಮ್ ಕ್ಯಾಮೆರಾವನ್ನು ಉದ್ದುದ್ದ ಹಿಡಿದು 85 ಎಂ.ಎಂ. ಲೆನ್ಸ್ ಹಾಕಿದರೆ ಎರಡು ಮೀಟರ್ ದೂರದಿಂದ ಸುಮಾರು 85 ಸೆಂಟಿಮೀಟರ್ ಎತ್ತರ ಸಿಗುತ್ತದೆ, ಅಂದರೆ ತಲೆಯಿಂದ ಸೊಂಟದವರೆಗೆ. ಅದೇ ಜಾಗದಲ್ಲಿ ನಿಂತು 35 ಹಾಕಿದರೆ ಅಡಿಯಿಂದ ಮುಡಿಯವರೆಗೆ ಇಡೀ ಮನುಷ್ಯ, ಮೇಲೊಂದಿಷ್ಟು ಆಕಾಶ. 50 ಇವೆರಡರ ನಡುವೆ. ಇಡೀ ಮನುಷ್ಯನನ್ನು 85ರಲ್ಲಿ ಹಿಡಿಯಬೇಕಾದರೆ ಸುಮಾರು ಹದಿನೈದು ಅಡಿ ಹಿಂದೆ ಸರಿಯಬೇಕು, 200ರಲ್ಲಾದರೆ ಮೂವತ್ತಾರು ಅಡಿ. ನಮ್ಮ ಬಡಾವಣೆಯ ಅಡ್ಡರಸ್ತೆಯಲ್ಲಿ ಮೂವತ್ತಾರು ಅಡಿ ಹಿಂದೆ ಸರಿದರೆ ಬೆನ್ನು ಎದುರುಮನೆಯ ಕಾಂಪೌಂಡಿಗೆ ತಾಗುತ್ತದೆ, ನಡುವೆ ಆಟೋ ಹಾಯುತ್ತದೆ.

ಹೊಸಬರು ಕೂಡಲೇ ದುಡ್ಡು ಸುರಿಯಬೇಕಾಗಿಲ್ಲ. ಕ್ಯಾಮೆರಾದ ಜೊತೆಗೆ ಬರುವ 18-55 ಕಿಟ್ ಲೆನ್ಸ್ ಅನ್ನು ಹಗುರವಾಗಿ ಕಾಣುವವರು ಬಹಳ. ಕಲಿಕೆಗೆ ಅದರಷ್ಟು ಒಳ್ಳೆಯ ಗುರು ಇಲ್ಲ. ಒಂದು ಭಾನುವಾರ ಜೂಮ್ ರಿಂಗಿಗೆ ಟೇಪ್ ಅಂಟಿಸಿ 24ರಲ್ಲೇ ನಿಲ್ಲಿಸಿ, ಮುಂದಿನ ಭಾನುವಾರ 35ರಲ್ಲಿ, ಅದರ ಮುಂದಿನದು 55ರಲ್ಲಿ. ಕ್ರಾಪ್ ಸೆನ್ಸರ್ ಕ್ಯಾಮೆರಾದಲ್ಲಿ ಈ ಅಂಕಿಗಳನ್ನು ನಿಕಾನ್ ಆದರೆ ಒಂದೂವರೆಯಿಂದ, ಕ್ಯಾನನ್ ಆದರೆ 1.6ರಿಂದ ಗುಣಿಸಿಕೊಳ್ಳಬೇಕು. ಹಾಗೆ ನೋಡಿದರೆ 24 ಎಂಬುದು 35ರ ಕೆಲಸ ಮಾಡುತ್ತದೆ, 55 ಎಂಬುದು 85ರ ಹತ್ತಿರಕ್ಕೆ ಬರುತ್ತದೆ. ಕೆಲವು ತಿಂಗಳು ಕಳೆದ ಮೇಲೆ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿ ಯಾವ ಫೋಕಲ್ ಲೆಂಗ್ತಿನಲ್ಲಿ ಹೆಚ್ಚು ತೆಗೆದಿದ್ದೀರಿ, ಅದಕ್ಕಿಂತ ಮುಖ್ಯವಾಗಿ ಯಾವುದರಲ್ಲಿ ಮನಸ್ಸಿಗೆ ಹಿಡಿಸುವ ಮುಖಗಳು ಸಿಕ್ಕಿವೆ ಎಂದು ನೋಡಿ. ಏನು ಕೊಳ್ಳಬೇಕೆಂದು ಆ ಚಿತ್ರಗಳೇ ಹೇಳುತ್ತವೆ.

ಕ್ರಾಪ್ ಕ್ಯಾಮೆರಾ ಇದ್ದವರಿಗೆ ಮೊದಲ ಪ್ರೈಮ್ ಲೆನ್ಸ್ 50 ಎಂ.ಎಂ. ಎಫ್ 1.8 ಆಗಲಿ ಎಂಬುದರಲ್ಲಿ ನನಗೆ ಎರಡನೇ ಮಾತಿಲ್ಲ. ಕಂಪನಿಗಳು ಮಾಡುವ ಅತಿ ಅಗ್ಗದ ಲೆನ್ಸ್‌ಗಳಲ್ಲಿ ಅದೂ ಒಂದು, ತೂಕವಿಲ್ಲ, ಎದುರಿನವರನ್ನು ಹೆದರಿಸುವುದಿಲ್ಲ. ನಿಕಾನ್‌ನವರು ಒಂದು ಸಂಗತಿ ನೆನಪಿಡಬೇಕು. ಹಳೆಯ ಎ.ಎಫ್.-ಡಿ ಮಾದರಿಯ ಲೆನ್ಸ್ ಒಳಗೆ ಮೋಟರ್ ಇಲ್ಲ, ಡಿ3000, ಡಿ5000 ಸರಣಿಯ ಕ್ಯಾಮೆರಾಗಳ ಒಳಗೂ ಇಲ್ಲ. ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಫೋಕಸ್ ಕೈಯಿಂದಲೇ ತಿರುಗಿಸುತ್ತ ಕೂರಬೇಕಾಗುತ್ತದೆ. ಎ.ಎಫ್.-ಎಸ್ ಎಂದು ಬರೆದಿರುವುದನ್ನೇ ನೋಡಿ ಕೊಳ್ಳಿ.

ಇನ್ನು 85. ಭಾವಚಿತ್ರಕ್ಕೆಂದೇ ಲೆನ್ಸ್ ಮಾಡುವ ಹಂಬಲ ಛಾಯಾಗ್ರಹಣದಷ್ಟೇ ಹಳೆಯದು. 1840ರಲ್ಲಿ ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಸ್‌ವಾಲ್ ಲೆಕ್ಕ ಹಾಕಿ ರೂಪಿಸಿದ ಲೆನ್ಸ್, ನಿಮಿಷಗಟ್ಟಲೆ ಮಿಸುಕದೆ ಕೂರಬೇಕಿದ್ದ ಜನರನ್ನು ಆ ಶಿಕ್ಷೆಯಿಂದ ಬಿಡಿಸಿತು. ಅದರ ನಡುಭಾಗ ಹರಿತ, ಅಂಚು ಮೆದು, ಮುಖಕ್ಕೆ ಅದೇ ಶೋಭೆ. ನಮ್ಮ ಕಾಲಕ್ಕೆ ಬಂದರೆ, ಸ್ಟೀವ್ ಮೆಕ್‌ಕರಿ 1984ರಲ್ಲಿ ಪೆಶಾವರದ ನಿರಾಶ್ರಿತರ ಶಿಬಿರದಲ್ಲಿ ತೆಗೆದ ಹಸಿರುಗಣ್ಣಿನ ಅಫ್ಘನ್ ಹುಡುಗಿಯ ಚಿತ್ರವನ್ನು ನೋಡದವರಿಲ್ಲ. ಅದು 105 ಎಂ.ಎಂ. ಎಫ್ 2.5 ನಿಕಾರ್ ಲೆನ್ಸಿನದು. 85ರಿಂದ 105ರ ಈ ನಡುವಣ ಪಟ್ಟಿಗೆ ಜಗತ್ತಿನ ಛಾಯಾಗ್ರಾಹಕರು ಮತ್ತೆಮತ್ತೆ ಬಂದು ನಿಂತದ್ದಕ್ಕೆ ಕಾರಣ ಆ ಮಾತಿನ ದೂರವೇ ಎಂದು ನನ್ನ ನಂಬಿಕೆ.

ನಮ್ಮ ಊರಿನಲ್ಲಿ 85ಕ್ಕೆ ಇನ್ನೊಂದು ಉಪಕಾರವಿದೆ. ಹಿನ್ನೆಲೆಯಲ್ಲಿ ಏನು ಬರಬೇಕು, ಏನು ಬೇಡ ಎಂಬುದನ್ನು ಅದು ನಮ್ಮ ಕೈಗೆ ಕೊಡುತ್ತದೆ. ಎದುರಿಗೆ ನಿಂತವರ ಹಿಂದೆ ಇಪ್ಪತ್ತು ಮೀಟರ್ ದೂರದಲ್ಲಿ ಬೀದಿಯ ಬಾಯಿ ಇದೆ ಎನ್ನಿ. ಅಲ್ಲಿ ಹುಟ್ಟುಹಬ್ಬದ ಫ್ಲೆಕ್ಸು, ಕರೆಂಟ್ ಕಂಬ, ಸಾಲಾಗಿ ನಿಂತ ಬೈಕುಗಳು. 35 ಹಾಕಿದರೆ ಆ ಹಿನ್ನೆಲೆಯಲ್ಲಿ ಹದಿನೈದು ಮೀಟರ್ ಅಗಲ ಚೌಕಟ್ಟಿನೊಳಗೆ ಬಂದುಬಿಡುತ್ತದೆ. 85 ಹಾಕಿದರೆ ಆರು ಮೀಟರ್ ಮಾತ್ರ. ಅರ್ಧ ಹೆಜ್ಜೆ ಬಲಕ್ಕೆ ಸರಿದರೆ ಫ್ಲೆಕ್ಸು ಮಾಯ, ಹೊಂಗೆಮರದ ಹಸಿರಷ್ಟೇ ಉಳಿಯುತ್ತದೆ. ಹಿನ್ನೆಲೆ ಬ್ಲರ್ ಆಗಲೆಂದು ಎಫ್ 1.4ಕ್ಕೆ ಎರಡರಷ್ಟು, ಮೂರರಷ್ಟು ದುಡ್ಡು ಕೊಡುವವರಿದ್ದಾರೆ. ಅರ್ಧ ಹೆಜ್ಜೆಗೆ ಕಾಸು ಖರ್ಚಿಲ್ಲ. ಅದೂ ಅಲ್ಲದೆ, 85ರಲ್ಲಿ ಎಫ್ 1.8ಕ್ಕೆ ತೆರೆದು ಎರಡು ಮೀಟರಿನಿಂದ ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಆರು ಸೆಂಟಿಮೀಟರ್ ಮಾತ್ರ. ಮುಖ ಚೂರು ತಿರುಗಿದರೆ ಒಂದು ಕಣ್ಣು ಹರಿತ, ಇನ್ನೊಂದು ಮಂಜು. ನಾನು ಒಬ್ಬರ ಚಿತ್ರಕ್ಕೆ 2.8ರಲ್ಲಿ, ಗಂಡ ಹೆಂಡತಿ ಜೊತೆಗಿದ್ದರೆ 4ರಲ್ಲಿ ತೆಗೆಯುತ್ತೇನೆ. ವಯಸ್ಸಾದವರ ಮುಖದ ಗೆರೆಗಳನ್ನು ಮಂಜು ಮಾಡುವುದು ನನಗಂತೂ ಒಪ್ಪಿತವಲ್ಲ. ಆ ಗೆರೆಗಳಿಗಾಗಿಯೇ ಅಲ್ಲವೇ ನಾವು ಅವರ ಎದುರು ನಿಲ್ಲುವುದು?

ಬಿಸಿಲಿನ ಮಾತು ಹೇಳದಿದ್ದರೆ ದಾವಣಗೆರೆಯವನು ಬರೆದಂತಾಗುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೇ ಬಂದು ನಿಲ್ಲುತ್ತಾನೆ. ಕಣ್ಣಿನ ಗುಳಿಗಳಲ್ಲಿ ಕಪ್ಪು ನೆರಳು, ಮೂಗಿನ ಕೆಳಗೆ ಮೀಸೆಯಂಥ ನೆರಳು. ಆ ಬಿಸಿಲಿನಲ್ಲಿ ಐ.ಎಸ್.ಒ. 100 ಇಟ್ಟು ಎಫ್ 1.8ಕ್ಕೆ ತೆರೆದರೆ ಶಟರ್ ಸೆಕೆಂಡಿನ 8000ದ ಒಂದು ಭಾಗದ ವೇಗದಲ್ಲಿ ಮುಚ್ಚಬೇಕು. ಕಡಿಮೆ ಬೆಲೆಯ ಕ್ಯಾಮೆರಾಗಳ ಶಟರ್ 4000ಕ್ಕೇ ನಿಲ್ಲುತ್ತದೆ, ಚಿತ್ರ ಬೆಳ್ಳಗೆ ಸುಟ್ಟುಹೋಗುತ್ತದೆ. ದೊಡ್ಡ ಅಪರ್ಚರ್‌ಗೆ ಕೊಟ್ಟ ದುಡ್ಡು ಹೊರಗಿನ ಬಿಸಿಲಿನಲ್ಲಿ ಉಪಯೋಗಕ್ಕೆ ಬರಬೇಕಾದರೆ ಬೆಳಕು ತಗ್ಗಿಸುವ ಎನ್.ಡಿ. ಫಿಲ್ಟರ್ ಬೇಕು. ಬೆಳಕನ್ನು ಎಂಟನೇ ಒಂದಕ್ಕೆ ಇಳಿಸುವ ಫಿಲ್ಟರ್ ಇದ್ದರೆ 8000 ಇದ್ದದ್ದು 1000ಕ್ಕೆ ಬರುತ್ತದೆ. ಇಷ್ಟೆಲ್ಲ ಬೇಡ ಎನ್ನುವವರಿಗೆ ನೆರಳೇ ಗತಿ. ಕಾಂಪೌಂಡ್ ಗೋಡೆಯ ನೆರಳಿನ ಅಂಚಿನಲ್ಲಿ, ಬೀದಿಯ ಕಡೆ ಮುಖ ಮಾಡಿ ನಿಲ್ಲಿಸಿದರೆ ಎದುರಿನ ಸುಣ್ಣದ ಗೋಡೆಯೇ ಮುಖಕ್ಕೆ ಬೆಳಕು ಚೆಲ್ಲುತ್ತದೆ. ಎದುರಿನ ಗೋಡೆ ಹಸಿರು ಬಣ್ಣದ್ದಾದರೆ ಮಾತ್ರ ಜಾಗ ಬದಲಿಸಿ, ಕೆನ್ನೆಗೂ ಹಸಿರು ಹತ್ತುತ್ತದೆ.

ಕುಂದವಾಡ ಕೆರೆ ಏರಿಯ ಮೇಲೆ ಸಂಜೆ ಐದೂವರೆಯ ನಂತರ ಬೇರೆಯದೇ ಲೋಕ. ಊರಿಗೆ ಕುಡಿಯುವ ನೀರು ಕೊಡುವ ಕೆರೆ ಅದು. ವಾಕಿಂಗಿಗೆ ಬಂದವರ ಬೆನ್ನಿಗೆ ಸೂರ್ಯ, ನೀರಿನ ಮೇಲೆ ಮಿನುಗು. ಸೂರ್ಯನನ್ನು ಎದುರಿಟ್ಟುಕೊಂಡು ತೆಗೆಯುವಾಗ ಲೆನ್ಸಿನ ಮುಂದೆ ಹುಡ್ ಇರಲೇಬೇಕು, ರಕ್ಷಣೆಗೆಂದು ಹಾಕಿದ ಅಗ್ಗದ ಯು.ವಿ. ಫಿಲ್ಟರನ್ನು ಬಿಚ್ಚಿಡಬೇಕು. ಆ ಗಾಜಿನ ಮೇಲೆ ಬೆಳಕು ಪುಟಿದು ಮುಖದ ಮೇಲೆ ಮಸುಕು ತೆರೆ ಎಳೆಯುತ್ತದೆ. ಅಲ್ಲಿ 85 ನನ್ನ ಕೈಬಿಟ್ಟದ್ದಿಲ್ಲ.

ಹಾಗೆಂದು 85 ಒಂದರಲ್ಲೇ ಬದುಕು ಸಾಗದು. ಮಂಡಕ್ಕಿ ಭಟ್ಟಿಗಳ ಕಡೆ ಹೋಗಿ ನೋಡಿ. ಅಂಗಳದಲ್ಲಿ ಹರವಿದ ಭತ್ತ, ಮಸಿ ಹಿಡಿದ ಗೋಡೆ, ಹೊಗೆ, ಬೆವರಿನಲ್ಲಿ ತೊಯ್ದು ಹೊರಗೆ ಬಂದು ಗಾಳಿಗೆ ನಿಂತ ಕೆಲಸಗಾರ. ಇಡೀ ರಾಜ್ಯವೇ ಬಾಯಿ ಚಪ್ಪರಿಸುವ ದಾವಣಗೆರೆ ಮಂಡಕ್ಕಿಯ ಹಿಂದೆ ಇರುವ ಮೈಮುರಿತ ಅದು. ಅಲ್ಲಿ 85 ಹಾಕಿ ಹಿನ್ನೆಲೆಯನ್ನೆಲ್ಲ ಮಸುಕಾಗಿಸಿ ಮುಖವೊಂದನ್ನೇ ಕತ್ತರಿಸಿ ತಂದರೆ ಆ ಮನುಷ್ಯನ ದುಡಿಮೆಯನ್ನೇ ಚಿತ್ರದಿಂದ ಅಳಿಸಿದಂತೆ. ಆರು ಅಡಿ ದೂರದಲ್ಲಿ ನಿಂತು, ಅವನ ಅನುಮತಿ ಕೇಳಿ, ಮಾತಾಡುತ್ತ 35ರಲ್ಲಿ ತೆಗೆದರೆ ಮನುಷ್ಯನೂ ಇರುತ್ತಾನೆ, ಭಟ್ಟಿಯೂ ಇರುತ್ತದೆ. ಮುಖವನ್ನು ಚೌಕಟ್ಟಿನ ಮೂಲೆಗೆ ದೂಡಬಾರದು, ವೈಡ್ ಲೆನ್ಸಿನಲ್ಲಿ ಅಂಚಿಗೆ ಬಂದದ್ದು ಎಳೆದಂತೆ ಕಾಣುತ್ತದೆ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ಮುಂದಿಟ್ಟುಕೊಂಡು ಕೂತರೆ ಈ ಪಾಠ ಚೆನ್ನಾಗಿ ಮನದಟ್ಟಾಗುತ್ತದೆ. 1979ರ ಮಕ್ಕಳ ವರ್ಷದಲ್ಲಿ ಯುನಿಸೆಫ್ ಪ್ರದರ್ಶಿಸಿದ್ದು ಅವರ ಮಕ್ಕಳ ಚಿತ್ರಗಳನ್ನು. ಅವರು ಮನುಷ್ಯರನ್ನು ಅವರವರ ನೆಲದಿಂದ ಕಿತ್ತು ತೋರಿಸಿದವರಲ್ಲ. ನನ್ನ ಸಂಗ್ರಹದಲ್ಲಿ 35ಕ್ಕೆ 85ರಷ್ಟೇ ಗೌರವ ಬಂದದ್ದು ಭಟ್ಟಿಯ ಅಂಗಳದಿಂದ.

70-200 ಎಫ್ 2.8 ಜೂಮ್ ಬಗ್ಗೆ ನನ್ನ ಅಭಿಪ್ರಾಯ ಹಲವು ಗೆಳೆಯರಿಗೆ ಹಿಡಿಸುವುದಿಲ್ಲ. ಮದುವೆ ತೆಗೆಯುವವರಿಗೆ ಅದು ಅನ್ನದ ತಟ್ಟೆ, ಒಪ್ಪುತ್ತೇನೆ. ಓಡಾಡುವ ಮಕ್ಕಳಿಗೂ ಸರಿ, ಮಗು ತನ್ನ ಪಾಡಿಗೆ ಆಡಿಕೊಂಡಿರಲಿ ಎಂದು ದೂರ ನಿಲ್ಲಬಹುದು. ಭಾವಚಿತ್ರಕ್ಕೆ ಅದನ್ನೇ ಮೊದಲು ಕೊಳ್ಳಬೇಡಿ. ಒಂದೂವರೆ ಕಿಲೋ ತೂಕ, ಊರಿಗೆಲ್ಲ ಕಾಣುವ ಗಾತ್ರ. ಗೆಳೆಯನೊಬ್ಬನ ಆ ಲೆನ್ಸ್ ಎರವಲು ತಂದು, ಹರಿಹರದ ಹೊಳೆದಂಡೆಯಲ್ಲಿ ಬಟ್ಟೆ ಒಗೆದು ಕೂತಿದ್ದ ಅಜ್ಜಿಯೊಬ್ಬರನ್ನು ಕೇಳಿ, ದೂರ ಹೋಗಿ ನಿಂತೆ. ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ ಕೂಗಿದರು: “ಏ ತಮ್ಮಾ, ಅಲ್ಲೆಲ್ಲೋ ನಿಂತು ಏನ್ ತೆಗೀತೀಯಪ್ಪಾ? ಹತ್ರ ಬಾ, ನಂಗೆ ಕಿವಿ ಕೇಳಂಗಿಲ್ಲ.” ಬ್ಯಾಗಿನಿಂದ 85 ತೆಗೆದು ಹಾಕಿ ಹತ್ತಿರ ಹೋಗಿ ಮೆಟ್ಟಿಲ ಮೇಲೆ ಕೂತೆ. ಮೊಮ್ಮಗಳ ಮದುವೆಯ ಸುದ್ದಿ ಹೇಳುತ್ತ ಅವರು ನಕ್ಕ ಚಿತ್ರ ಇಂದಿಗೂ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ.

ಅದೇ ಹರಿಹರದ ಹರಿಹರೇಶ್ವರ ದೇವಸ್ಥಾನ ಲೆನ್ಸ್ ಆಯ್ಕೆಗೆ ಒಳ್ಳೆಯ ಪರೀಕ್ಷೆ. 1224ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ತೆರೆದ ಮಂಟಪದ ಸುತ್ತಲಿಂದ ಬೆಳಕು ಓರೆಯಾಗಿ ಒಳಗೆ ಬರುತ್ತದೆ, ಕಂಬಗಳ ಸಾಲು ಕಣ್ಣನ್ನು ಆಳಕ್ಕೆ ಎಳೆಯುತ್ತದೆ. ಮದುವೆಗೆ ಮುಂಚಿನ ಚಿತ್ರಕ್ಕೆ ಬರುವ ಜೋಡಿಗಳನ್ನು 35ರಲ್ಲಿ ತೆಗೆದರೆ ಕಂಬಗಳು ದೂರದೂರ ಸರಿದು ಮಂಟಪ ವಿಶಾಲವಾಗಿ ಕಾಣುತ್ತದೆ, ಮನುಷ್ಯರು ಅದರ ಅತಿಥಿಗಳು. ಹಿಂದೆ ಸರಿದು 85ರಲ್ಲಿ ತೆಗೆದರೆ ಕಂಬಗಳು ಒತ್ತೊತ್ತಾಗಿ ಬಂದು ಜೋಡಿಯ ಬೆನ್ನಿಗೆ ನಿಲ್ಲುತ್ತವೆ. ಎರಡೂ ಸರಿ. ನಾನು ಇಬ್ಬರೊಡನೆ ಸ್ವಲ್ಪ ಹೊತ್ತು ಹರಟಿ, ಅವರು ಕಲ್ಲಿನತ್ತ ನೋಡುವವರೋ ಒಬ್ಬರನ್ನೊಬ್ಬರು ನೋಡುವವರೋ ಎಂದು ತಿಳಿದುಕೊಂಡ ಮೇಲೆ ಲೆನ್ಸ್ ಹಾಕುತ್ತೇನೆ. ಸಂರಕ್ಷಿತ ಸ್ಮಾರಕ ಅದು, ಟ್ರೈಪಾಡ್ ಇಟ್ಟು ವೃತ್ತಿಯ ಕೆಲಸ ಮಾಡುವವರು ಮೊದಲೇ ಅನುಮತಿ ಪಡೆಯಬೇಕು.

ದುಡ್ಡಿನ ವಿಚಾರಕ್ಕೆ ಬಂದರೆ, ನನ್ನ ಲೆನ್ಸ್‌ಗಳಲ್ಲಿ ಬಹುಪಾಲು ಸೆಕೆಂಡ್‌ಹ್ಯಾಂಡ್. ಮಿರರ್‌ಲೆಸ್ ಕಡೆ ಹೋಗುವ ಮದುವೆ ಫೋಟೋಗ್ರಾಫರ್‌ಗಳು ಒಳ್ಳೊಳ್ಳೆಯ ಹಳೆಯ ಲೆನ್ಸ್‌ಗಳನ್ನು ಮಾರುತ್ತಿದ್ದಾರೆ. ಕೊಳ್ಳುವ ಮುನ್ನ ಎರಡೂ ಮುಚ್ಚಳ ತೆಗೆದು ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಬೆಲೆ ಎಷ್ಟು ಇಳಿಸಿದರೂ ಬೇಡ. ಒಂದೆರಡು ಧೂಳಿನ ಕಣ ಚಿತ್ರಕ್ಕೆ ಏನೂ ಮಾಡುವುದಿಲ್ಲ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಹೊಳೆಯುತ್ತಿದೆಯೇ ನೋಡಿ. ನಿಮ್ಮದೇ ಕ್ಯಾಮೆರಾಕ್ಕೆ ಹಾಕಿ, ಮಾರುವವರದೇ ಒಂದು ಚಿತ್ರವನ್ನು ಪೂರ್ತಿ ತೆರೆದ ಅಪರ್ಚರಿನಲ್ಲಿ ತೆಗೆದು ರೆಪ್ಪೆಗೂದಲು ದೊಡ್ಡದು ಮಾಡಿ ನೋಡಿ. ಮನೆಯಲ್ಲಿ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಸಾಕು. ಚರ್ಮದ ಚೀಲದಲ್ಲಿಟ್ಟು ಬೀರುವಿನಲ್ಲಿ ಮರೆತರೆ ಒಂದು ಮಳೆಗಾಲವೇ ಸಾಕು ಫಂಗಸ್ ಹಿಡಿಯಲು.

ಮುಂದೆ ಮಿರರ್‌ಲೆಸ್ ಕೊಳ್ಳುವ ಯೋಚನೆ ಇದ್ದವರು ಹೆದರಬೇಕಿಲ್ಲ. ಕ್ಯಾನನ್‌ನ ಇ.ಎಫ್. ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ಹೊಸ ಆರ್.ಎಫ್. ಕ್ಯಾಮೆರಾಗಳಲ್ಲಿ ಆಟೋಫೋಕಸ್ ಸಮೇತ ಕೆಲಸ ಮಾಡುತ್ತವೆ. ನಿಕಾನ್‌ನ ಎ.ಎಫ್.-ಎಸ್ ಲೆನ್ಸ್‌ಗಳೂ ಎಫ್.ಟಿ.ಜೆಡ್. ಅಡಾಪ್ಟರಿನಲ್ಲಿ ಹಾಗೆಯೇ. ಹಳೆಯ ಎ.ಎಫ್.-ಡಿ ಅಲ್ಲಿಯೂ ಕೈ ಫೋಕಸ್ಸೇ.

ನನ್ನನ್ನು ಕೇಳಿದರೆ ಫುಲ್ ಫ್ರೇಮಿನವರಿಗೆ ಮೊದಲು 85, ವರ್ಷ ಕಳೆದ ಮೇಲೆ 35. ಕ್ರಾಪಿನವರಿಗೆ ಮೊದಲು 50, ಅಗಲಕ್ಕೆ ಕಿಟ್ ಲೆನ್ಸಿನ 24 ಸಾಕಷ್ಟು ದಿನ ಬರುತ್ತದೆ. 135ರ ಆಸೆ ನನಗೂ ಇದೆ. ಆದರೆ ನಗರದೇವತೆ ದುಗ್ಗಮ್ಮನ ಜಾತ್ರೆಯ ಜನಜಂಗುಳಿಯಲ್ಲಿ ಅದರಲ್ಲಿ ಇಡೀ ಮನುಷ್ಯನನ್ನು ಹಿಡಿಯಲು ಬೇಕಾದ ಇಪ್ಪತ್ತೈದು ಅಡಿ ಖಾಲಿ ಜಾಗ ಎಲ್ಲಿಂದ ತರಲಿ? ಬಳೆ ಅಂಗಡಿಯವರ ಪಕ್ಕ ನಿಂತು ಮಾತಾಡುತ್ತ ತೆಗೆಯಲು 35 ಇದೆ. ಈ ಸಲ ಉಳಿಸಿದ ದುಡ್ಡಿನಲ್ಲಿ ಚಿತ್ರಗಳನ್ನು ಅಚ್ಚು ಹಾಕಿಸಿ, ಅದರಲ್ಲಿ ಇರುವವರ ಮನೆಗಳಿಗೆ ಕೊಟ್ಟು ಬರುವ ಕೆಲಸ ಹಿಡಿದಿದ್ದೇನೆ.