ಮೂರು ಸಾವಿರದ ಸ್ಕೋಪು, ಏಳು ದಿನದ ಗಡುವು

ಏರ್ ರೈಫಲ್ ಕೊಂಡವರ ಎರಡನೇ ಖರ್ಚು ಸಾಮಾನ್ಯವಾಗಿ ಸ್ಕೋಪು. ರೈಫಲ್ಲಿಗೆ ಹತ್ತು ಹನ್ನೆರಡು ಸಾವಿರ ಕೊಟ್ಟು ಕೈ ಬಿಗಿಯಾಗಿರುವ ಹೊತ್ತಿಗೆ ಆನ್‌ಲೈನಿನಲ್ಲಿ ಎರಡೂವರೆ, ಮೂರು ಸಾವಿರದ ಸ್ಕೋಪುಗಳು ಕಣ್ಣಿಗೆ ಬೀಳುತ್ತವೆ. ಪಕ್ಕದಲ್ಲೇ ಹದಿನೈದು ಸಾವಿರದ್ದೂ ಇರುತ್ತದೆ. ಎರಡರ ಮೇಲೂ ಬರೆದಿರುವುದು ಒಂದೇ: 3-9×40. ಹಾಗಾದರೆ ಮಿಕ್ಕ ಹನ್ನೆರಡು ಸಾವಿರ ಯಾವುದಕ್ಕೆ ಹೋಗುತ್ತದೆ? ಇದನ್ನು ತಿಳಿಯಲೆಂದೇ ನಾನು 2,800 ರೂಪಾಯಿಯ ಒಂದು ಸ್ಕೋಪು ತರಿಸಿ, ಮಾಲು ವಾಪಸ್ ಕೊಡಲು ಇದ್ದ ಏಳು ದಿನದ ಗಡುವಿನೊಳಗೆ ಪರೀಕ್ಷೆ ಮಾಡಿದೆ. ಪೆಟ್ಟಿಗೆಯ ಮೇಲೆ ಅಚ್ಚಾಗುವ ಸಂಖ್ಯೆಗಳಿಗೆ ಕೊಡುವ ದುಡ್ಡು ಬೇರೆ, ಸ್ಕೋಪು ತನ್ನ ಜಾಗದಲ್ಲಿ ಕದಲದೆ ನಿಲ್ಲುವುದಕ್ಕೆ ಕೊಡುವ ದುಡ್ಡು ಬೇರೆ. ಎರಡನೆಯದು ಯಾವ ಪೆಟ್ಟಿಗೆಯ ಮೇಲೂ ಬರೆದಿರುವುದಿಲ್ಲ. ನಾವೇ ಅಳೆದು ನೋಡಬೇಕು.

ಮೊದಲು ಕಾನೂನಿನ ಮಾತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್ ಮೀರದ, 4.5 ಮಿ.ಮೀ. ನಳಿಗೆಯ ಏರ್ ರೈಫಲ್ಲಿಗೆ ಪರವಾನಗಿ ಬೇಡ. ಹಾಗೆಂದು ಅದನ್ನು ಹಕ್ಕಿಯ ಕಡೆಗೆ, ಅಳಿಲಿನ ಕಡೆಗೆ ತಿರುಗಿಸುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ, ಅದಕ್ಕಿಂತ ಮುಂಚೆ ನಮ್ಮ ವಿವೇಕ ಇದೆ. ಇಲ್ಲಿ ಹೇಳುತ್ತಿರುವುದೆಲ್ಲ ಕಾಗದದ ಗುರಿಗೆ, ಹಿಂದೆ ಮರಳು ತುಂಬಿದ ಗೋಣಿಚೀಲ ಇಟ್ಟು ಹೊಡೆಯುವವರಿಗೆ. ಮಗನನ್ನೋ ಮಗಳನ್ನೋ 10 ಮೀಟರ್ ಸ್ಪರ್ಧೆಗೆ ತಯಾರು ಮಾಡಲು ಸ್ಕೋಪು ಹುಡುಕುತ್ತಿದ್ದರೆ ಆ ಹಣ ಉಳಿಸಿಕೊಳ್ಳಿ. ಒಲಿಂಪಿಕ್ಸ್ ಮಾದರಿಯ ಆ ಸ್ಪರ್ಧೆಯಲ್ಲಿ ದೂರದರ್ಶಕಕ್ಕೆ ಅವಕಾಶವೇ ಇಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಗಾಜಿಲ್ಲದ ಸಣ್ಣ ರಂಧ್ರದ ಸೈಟಿನಲ್ಲಿ ನೋಡಿಕೊಂಡೇ. ಆ ಗುರಿಯಲ್ಲಿ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್.

ಪರೀಕ್ಷೆಗೆ ಒಂದು ಕ್ರಮ ಬೇಕು. ಸ್ಕೋಪನ್ನು ರೈಫಲ್ಲಿಗೆ ಬಿಗಿದರೆ ಕೊಳವೆಯ ಮೇಲೆ ರಿಂಗಿನ ಗೀರು ಬೀಳುತ್ತದೆ. ಗೀರು ಬಿದ್ದ ಮಾಲನ್ನು ಅಂಗಡಿಯವನು ವಾಪಸ್ ಪಡೆಯಲು ತಕರಾರು ಮಾಡಬಹುದು. ಆದ್ದರಿಂದ ಬಿಗಿಯದೆ ಮಾಡಬಹುದಾದ ಪರೀಕ್ಷೆಗಳನ್ನು ಮೊದಲೆರಡು ದಿನದಲ್ಲೇ ಮುಗಿಸಬೇಕು.

ಅದರಲ್ಲಿ ಮೊದಲನೆಯದಕ್ಕೆ ಬೇಕಾದದ್ದು ಟಾರ್ಚು ಮತ್ತು ಮಕ್ಕಳ ಜಾಮಿಟ್ರಿ ಪೆಟ್ಟಿಗೆಯ ಸ್ಕೇಲು. 3-9×40 ಎಂದರೆ ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜು 40 ಮಿ.ಮೀ. ಅಗಲ. ಆ 40ನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. ಒಂಬತ್ತು ಪಟ್ಟಿನಲ್ಲಿ 4.4 ಮಿ.ಮೀ., ನಾಲ್ಕು ಪಟ್ಟಿನಲ್ಲಿ 10. ಸಂಜೆ ಮಬ್ಬಿನಲ್ಲಿ ಒಂಬತ್ತರಲ್ಲಿಟ್ಟರೆ ಚಿತ್ರ ಕಪ್ಪಾಗುವುದೂ ನಾಲ್ಕಕ್ಕೆ ಇಳಿಸಿದರೆ ಬೆಳಕಾಗುವುದೂ ಇದರಿಂದಲೇ. ಆದರೆ ಅಗ್ಗದ ಕೆಲವು ಸ್ಕೋಪುಗಳ ಒಳಗೆ ಗಾಜಿನ ಅಂಚನ್ನು ಮುಚ್ಚುವ ಒಂದು ಬಳೆ ಕೂರಿಸಿರುತ್ತಾರೆ. ಅಂಚಿನಲ್ಲಿ ಚಿತ್ರ ಕೆಡುವುದು ಕಾಣದಿರಲಿ ಎಂದು. ಕತ್ತಲ ಕೋಣೆಯಲ್ಲಿ ಒಂಬತ್ತು ಪಟ್ಟಿಗಿಟ್ಟು, ಕಣ್ಣಿಡುವ ಕಡೆಯಿಂದ ಸ್ವಲ್ಪ ದೂರದಲ್ಲಿ ಟಾರ್ಚು ಹಿಡಿದು, ಮುಂದಿನ ಗಾಜಿಗೆ ಒತ್ತಿಕೊಂಡಂತೆ ಬಿಳಿ ಕಾಗದ ಇಟ್ಟೆ. ಮೂಡಿದ ಬೆಳಕಿನ ವೃತ್ತ 34 ಮಿ.ಮೀ. ಬೆಳಕಿನ ಲೆಕ್ಕ ವಿಸ್ತೀರ್ಣದ್ದಾದ್ದರಿಂದ ಕಾಲು ಭಾಗಕ್ಕಿಂತ ಹೆಚ್ಚು ಬೆಳಕು ಅಲ್ಲಿಯೇ ಖೋತಾ. 2020ರ ಇ-ವಾಣಿಜ್ಯ ಗ್ರಾಹಕ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣ ಮಾಲಿನಲ್ಲಿ ಇಲ್ಲದಿದ್ದರೆ ಮಾರಿದವನು ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ. ಆ ವೃತ್ತದ ಪಕ್ಕದಲ್ಲಿ ಸ್ಕೇಲಿಟ್ಟು ಒಂದು ಫೋಟೋ ತೆಗೆದಿಟ್ಟುಕೊಂಡರೆ ನಿಮ್ಮ ಕೈಯಲ್ಲಿ ಸಾಕ್ಷಿ ಇರುತ್ತದೆ. 6-24×50 ಎಂದು ಬರೆದು ಇದೇ ಬೆಲೆಗೆ ಮಾರುವ ಸ್ಕೋಪುಗಳೂ ಇವೆ. ಬೆಲೆ ಏರದೆ ಸಂಖ್ಯೆ ಮಾತ್ರ ಏರಿದ್ದರೆ ಗಾಜಿನಲ್ಲೋ ಒಳಗಿನ ಯಂತ್ರದಲ್ಲೋ ಕೈ ಹಿಡಿದಿದ್ದಾರೆ ಎಂದೇ ಅರ್ಥ. ಅವುಗಳ ತಂಟೆಗೆ ಹೋಗಬೇಡಿ.

ಎರಡನೆಯದು ಫ್ರಿಜ್ ಪರೀಕ್ಷೆ. ಸ್ಕೋಪನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು (ಫ್ರೀಜರಿನಲ್ಲಿ ಅಲ್ಲ) ಹೊರಗೆ ತೆಗೆದರೆ ಗಾಜಿನ ಹೊರಮೈ ಮಂಜಾಗುತ್ತದೆ. ಒರೆಸಿದರೆ ಹೋಗಬೇಕು. ಒರೆಸಿದ ಮೇಲೂ ಒಳಗೆ ಮಂಜು ಕಂಡರೆ ಒಳಗಿರುವುದು ಒಣ ನೈಟ್ರೋಜನ್ ಅಲ್ಲ, ತೇವದ ಗಾಳಿ. ಮಲೆನಾಡು, ಕರಾವಳಿ, ಕೊಡಗಿನವರು ಇದನ್ನು ಬಿಡಲೇಬಾರದು. ಮಳೆಗಾಲದ ತೇವಕ್ಕೆ ಕ್ಯಾಮೆರಾ ಲೆನ್ಸಿಗೆ ಬೂಷ್ಟು ಹಿಡಿಯುವುದನ್ನು ಆ ಕಡೆಯವರೆಲ್ಲ ನೋಡಿದ್ದಾರೆ. ಸ್ಕೋಪಿಗೂ ಅದೇ ಗತಿ. ಒಳಗಿನ ಗಾಜಿಗೆ ಒಮ್ಮೆ ಬೂಷ್ಟು ಬಂದರೆ ಮೂರು ಸಾವಿರದ ಸ್ಕೋಪನ್ನು ಬಿಚ್ಚಿ ತೊಳೆದುಕೊಡುವವರು ಯಾರೂ ಸಿಗುವುದಿಲ್ಲ. ನನ್ನದು ಈ ಪರೀಕ್ಷೆಯಲ್ಲಿ ಪಾಸಾಯಿತು. ಈಗ ಅದು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇರುತ್ತದೆ.

ಇನ್ನು ಬಿಗಿಯುವ ಕೆಲಸ. ಪೆಟ್ಟಿಗೆಯ ಜೊತೆ ಪುಕ್ಕಟೆ ಬಂದ ರಿಂಗುಗಳನ್ನು ನಾನು ಬಳಸಲಿಲ್ಲ. ತೆಳು ಲೋಹ, ಸ್ಕ್ರೂ ಎರಡು ಸುತ್ತು ಬಿಗಿಯುವಷ್ಟರಲ್ಲಿ ಮರೆ ಜಾರುವ ಹಾಗಿತ್ತು. 900 ರೂಪಾಯಿ ಕೊಟ್ಟು 11 ಮಿ.ಮೀ. ಹಳಿಗೆ ಕೂರುವ, ಹಿಂದೆ ಸರಿಯದಂತೆ ತಡೆಯುವ ಪಿನ್ನಿರುವ ಮೌಂಟು ತಂದೆ. ಸ್ಕೋಪಿನ ಬೆಲೆಯ ಮೂರನೇ ಒಂದು ಪಾಲು ಮೌಂಟಿಗೇ ಎಂದು ಕೆಲವರು ಹಿಂಜರಿಯುತ್ತಾರೆ. ಹಿಂಜರಿಯಬಾರದು. ನನ್ನ ಲೆಕ್ಕದಲ್ಲಿ ಇಡೀ ಬಜೆಟ್ಟಿನಲ್ಲಿ ಅತಿ ಚೆನ್ನಾಗಿ ದುಡಿದ ಹಣ ಅದು. ರಿಂಗಿನ ಒಳಗೆ ತೆಳುವಾದ ಟೇಪು ಅಂಟಿಸಿದ್ದರಿಂದ ಕೊಳವೆಗೆ ಗೀರೂ ಬೀಳಲಿಲ್ಲ.

ಮುಂದಿನ ಪರೀಕ್ಷೆ ಸೋಮವಾರಪೇಟೆ ಕಡೆ ನಮ್ಮ ಭಾವನವರ ಕಾಫಿ ಕಣದಲ್ಲಿ. ಕೊಯ್ಲಿಲ್ಲದ ಕಾಲದಲ್ಲಿ ಕಣ ಖಾಲಿ ಬಿದ್ದಿರುತ್ತದೆ, ನೆಲ ಸಪಾಟು. ಕಣದ ಕೊನೆಗೆ ಮಣ್ಣಿನ ಬರೆ ಇರುವುದರಿಂದ ಪೆಲ್ಲೆಟ್ ಆಚೆ ಹೋಗುವ ಭಯವೂ ಇಲ್ಲ. ಟೇಪು ಹಿಡಿದು 25 ಮೀಟರ್ ಅಳೆದೆ. ಸ್ಕೋಪಿನ ತಿರುಪನ್ನು ಒಂದು ಕ್ಲಿಕ್ ತಿರುಗಿಸಿದರೆ ಗುರಿ ಕಾಲು ಎಂಒಎ ಸರಿಯಬೇಕು ಎಂದು ಬರೆದಿರುತ್ತಾರೆ. ಒಂದು ಎಂಒಎ ಎಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ, ನೂರು ಮೀಟರಿನಲ್ಲಿ 2.9 ಸೆಂ.ಮೀ. 25 ಮೀಟರಿನಲ್ಲಿ ಕ್ಲಿಕ್ಕಿಗೆ 1.8 ಮಿ.ಮೀ. ಆಗುತ್ತದೆ. ಅಂದರೆ 40 ಕ್ಲಿಕ್ಕಿಗೆ 7.3 ಸೆಂ.ಮೀ. ಸರಿಯಬೇಕು. ಇದನ್ನು ಗುಂಡು ಹೊಡೆಯದೆಯೇ ನೋಡಬಹುದು. ರೈಫಲ್ಲನ್ನು ಎರಡು ಮರಳು ಚೀಲದ ನಡುವೆ ಅಲುಗದಂತೆ ಕೂರಿಸಿ, ಎದುರಿನ ಹಲಗೆಗೆ ಸೆಂಟಿಮೀಟರ್ ಟೇಪನ್ನು ನೆಟ್ಟಗೆ ಅಂಟಿಸಿ, ಸ್ಕೋಪಿನೊಳಗಿನ ಅಡ್ಡಗೆರೆಯನ್ನು ಸೊನ್ನೆಗೆ ತಂದು ಕ್ಲಿಕ್ ಎಣಿಸುತ್ತ ಹೋಗುವುದು. ಗೆರೆ ಎಲ್ಲಿಗೆ ಬಂದು ನಿಂತಿತೆಂದು ಓದಿ ಬರೆದುಕೊಳ್ಳುವುದು.

"ಗುಂಡು ಹೊಡೀತೀರಿ ಅಂತ ಕಣ ಗುಡಿಸಿಟ್ಟರೆ ನೀವು ಟೇಪು ನೋಡ್ತಾ ಕೂತಿದ್ದೀರಲ್ಲ" ಎಂದರು ಭಾವ, ಕಾಫಿ ಲೋಟ ಕೈಗಿಡುತ್ತ.

"ಹೊಡೆದರೆ ತಪ್ಪು ನನ್ನ ಕೈದೋ ಸ್ಕೋಪಿಂದೋ ಗೊತ್ತಾಗಲ್ಲ ಭಾವ. ಹೀಗಾದರೆ ಸ್ಕೋಪಿಂದೇ" ಎಂದೆ.

ನಲವತ್ತು ಕ್ಲಿಕ್ಕಿಗೆ ಗೆರೆ ಸರಿದದ್ದು 6.4 ಸೆಂ.ಮೀ. ನೂರಕ್ಕೆ ಹನ್ನೆರಡು ಪಾಲು ಕಡಿಮೆ. ವಾಪಸ್ ನಲವತ್ತು ತಿರುಗಿಸಿದಾಗ ಸೊನ್ನೆಗೇ ಬಂತು, ಅದು ಸಮಾಧಾನ. ತೊಂದರೆ ಕಂಡದ್ದು ಎಡ ಬಲದ ತಿರುಪಿನಲ್ಲಿ. ನಾಲ್ಕೈದು ಕ್ಲಿಕ್ ತಿರುಗಿಸಿದರೂ ಗೆರೆ ಅಲ್ಲೇ ನಿಂತಿತ್ತು. ಸ್ಕೋಪಿನ ಮೈಗೆ ಬೆರಳಿನಿಂದ ಮೆಲ್ಲಗೆ ತಟ್ಟಿದೊಡನೆ ಜಿಗಿದು ಮುಂದಿನ ಜಾಗಕ್ಕೆ ಹೋಯಿತು. ಒಳಗೆ ಒಂದು ಸಣ್ಣ ಕೊಳವೆ ಇರುತ್ತದೆ. ತಿರುಪು ಅದನ್ನು ಒಂದು ಕಡೆಯಿಂದ ತಳ್ಳುತ್ತದೆ, ಎದುರಿನಿಂದ ಸ್ಪ್ರಿಂಗು ಒತ್ತಿ ಹಿಡಿಯುತ್ತದೆ. ಸ್ಪ್ರಿಂಗು ಬಡಕಲಾಗಿದ್ದರೆ ಕೊಳವೆ ಸಿಕ್ಕಿಕೊಂಡು ನಿಲ್ಲುತ್ತದೆ, ಗುಂಡು ಹೊಡೆದ ಅದುರಿಗೆ ಬಿಡಿಸಿಕೊಂಡು ಜಾರುತ್ತದೆ. ಇದನ್ನು ತಿಳಿಯದವರು ಒಂದು ಗುಂಡು ಹೊಡೆದು, ಕ್ಲಿಕ್ ತಿರುಗಿಸಿ, ಮತ್ತೊಂದು ಹೊಡೆದು, ಸಾಲದೆಂದು ಇನ್ನಷ್ಟು ತಿರುಗಿಸಿ, ಮೂರನೆಯದು ಎಲ್ಲೋ ಹೋದಾಗ ರೈಫಲ್ಲನ್ನೇ ಬೈಯುತ್ತಾರೆ. ಹದಿನೈದು ಸಾವಿರದ ಸ್ಕೋಪಿನಲ್ಲಿ ನಾವು ಹೆಚ್ಚಾಗಿ ಹಣ ಕೊಡುವುದು ಈ ಸ್ಪ್ರಿಂಗಿಗೆ, ಈ ತಿರುಪಿನ ಹಲ್ಲುಗಳ ನಯಕ್ಕೆ. ಗಾಜಿನ ಹೊಳಪು ಆಮೇಲಿನ ಮಾತು.

ಕಣದಲ್ಲೇ ಮತ್ತೊಂದನ್ನೂ ನೋಡಿದೆ. ರೈಫಲ್ ಅಲುಗಿಸದೆ ಕಣ್ಣನ್ನು ಮಾತ್ರ ಆಚೀಚೆ ಸರಿಸಿದರೆ ಗೆರೆ ಗುರಿಯ ಮೇಲೆ ತೇಲಾಡಬಾರದು. ದೊಡ್ಡ ಬಂದೂಕಿಗೆಂದು ಮಾಡಿದ ಸ್ಕೋಪುಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. ಅಂಥದ್ದನ್ನು 25 ಮೀಟರಿನಲ್ಲಿ ಬಳಸಿದರೆ, ಕಣ್ಣು ಪೂರ್ತಿ ಅಂಚಿಗೆ ಸರಿದಾಗ ಗುರಿ 14 ಮಿ.ಮೀ.ವರೆಗೆ ತಪ್ಪಬಹುದು. ಆ ದೂರದಲ್ಲಿ ನನ್ನ ಸ್ಪ್ರಿಂಗ್ ರೈಫಲ್ಲಿನ ಐದು ಪೆಲ್ಲೆಟ್ಟುಗಳು ಕೂರುವ ಜಾಗವೇ ಹೆಚ್ಚೂ ಕಡಿಮೆ ಅಷ್ಟಗಲ. ಆದ್ದರಿಂದ ದೂರ ಹೊಂದಿಸುವ ಉಂಗುರ ಮುಂದಿನ ಗಾಜಿನ ಬಳಿ ಇರುವ ಸ್ಕೋಪನ್ನೇ ಆರಿಸಿ, ನಾನೂರು ಐನೂರು ಹೆಚ್ಚಾದರೂ ಸರಿ. ನನ್ನ ಸ್ಕೋಪಿನಲ್ಲಿ ಆ ಉಂಗುರವಿದೆ, ಅದರ ಮೇಲಿನ ಅಂಕಿಗಳು ಮಾತ್ರ ನಂಬುವಂಥವಲ್ಲ. 25 ಮೀಟರಿನಲ್ಲಿ ತೇಲಾಟ ನಿಂತದ್ದು 15 ಎಂದು ಬರೆದಿರುವ ಕಡೆ. ಅಲ್ಲಿ ಬಿಳಿ ಪೇಂಟಿನಿಂದ ಒಂದು ಗೀಟು ಎಳೆದೆ, ಅಲ್ಲಿಗೆ ಆ ಸಮಸ್ಯೆ ಮುಗಿಯಿತು.

ಕೊನೆಯದಾಗಿ ಹೊಡೆದು ನೋಡುವುದು. "ಎಂಥೆಂಥಾ ಬಂದೂಕಿನ ಮೇಲೆ ನಿಲ್ಲುವ ಸ್ಕೋಪು, ಏರ್ ರೈಫಲ್ ಯಾವ ಲೆಕ್ಕ" ಎಂದು ಮಾರುವವರು ಹೇಳುತ್ತಾರೆ. ವಿಷಯ ಉಲ್ಟಾ ಇದೆ. ಬಂದೂಕು ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗ್ ರೈಫಲ್ಲಿನಲ್ಲಿ ಭಾರದ ಪಿಸ್ಟನ್ನು ಮುನ್ನುಗ್ಗುವಾಗ ರೈಫಲ್ ಹಿಂದಕ್ಕೆ ಸರಿಯುತ್ತದೆ, ಪಿಸ್ಟನ್ನು ಕೊನೆ ಮುಟ್ಟಿದ ಕ್ಷಣ ಮುಂದಕ್ಕೆ ಎಳೆಯುತ್ತದೆ, ಬಸ್ಸು ಹೊರಡುವಾಗ ಹಿಂದಕ್ಕೆ ವಾಲಿದವರು ಬ್ರೇಕಿಗೆ ಮುಂದಕ್ಕೆ ಮುಗ್ಗರಿಸುವ ಹಾಗೆ. ಹಿಂದಿನ ಒದೆತಕ್ಕೆ ಮಾತ್ರ ಗಟ್ಟಿ ಮಾಡಿದ ಸ್ಕೋಪಿನ ಗಾಜು ಈ ಎರಡನೇ ಎಳೆತಕ್ಕೆ ಸಡಿಲವಾಗುತ್ತದೆ, ಗೆರೆಯೇ ತುಂಡಾಗುವುದೂ ಉಂಟು. ಏರ್ ರೈಫಲ್ಲಿಗೆಂದೇ ಮಾಡಿದ್ದು ಎಂದು ಸ್ಪಷ್ಟವಾಗಿ ಬರೆದಿರುವುದನ್ನು ಮಾತ್ರ ಕೊಳ್ಳಿ. ಸಿಲಿಂಡರಿನಲ್ಲಿ ಗಾಳಿ ತುಂಬಿ ಹೊಡೆಯುವ ಪಿಸಿಪಿ ರೈಫಲ್ಲಿನಲ್ಲಿ ಅದುರು ಬಹಳ ಕಡಿಮೆ, ಅದಕ್ಕೆ ಈ ಚಿಂತೆ ಇಲ್ಲ.

ನಳಿಗೆ ಮಡಚಿ ಲೋಡ್ ಮಾಡುವ ರೈಫಲ್ಲುಗಳಲ್ಲಿ ಇನ್ನೊಂದು ತೊಡಕಿದೆ. ಅವುಗಳ ನಳಿಗೆ ಮಡಿಕೆಯ ಜಾಗದಲ್ಲಿ ಕೂದಲೆಳೆಯಷ್ಟು ಕೆಳಗೆ ಬಾಗಿರುತ್ತದೆ. ಅದನ್ನು ಸರಿದೂಗಿಸಲು ಸ್ಕೋಪಿನ ಮೇಲಿನ ತಿರುಪನ್ನು ಏರಿಕೆಯ ಕೊನೆಯವರೆಗೆ ತಿರುಗಿಸಬೇಕಾಗಿ ಬರುತ್ತದೆ. ಅಷ್ಟು ಮೇಲೆ ಹೋದಾಗ ಒಳಗಿನ ಸ್ಪ್ರಿಂಗಿನ ಹಿಡಿತ ತಪ್ಪಿ ಗುರಿ ದಿನಕ್ಕೊಂದು ಕಡೆ ಹೋಗುತ್ತದೆ. ಅಗ್ಗದ ಸ್ಕೋಪು ಗುರಿ ನಿಲ್ಲಿಸುವುದಿಲ್ಲ ಎಂಬ ದೂರುಗಳಲ್ಲಿ ಎಷ್ಟೋ ಇದರಿಂದಲೇ ಹುಟ್ಟಿದವು. ಹಿಂದಿನ ರಿಂಗಿನ ಕೆಳಗೆ ಹಳೇ ಫಿಲ್ಮಿನ ಒಂದು ತುಂಡು ಇಟ್ಟು ಸ್ಕೋಪಿನ ಹಿಂಭಾಗ ಸ್ವಲ್ಪ ಎತ್ತಿದರೆ ತಿರುಪು ನಡುಮಟ್ಟಕ್ಕೆ ಬರುತ್ತದೆ. ನಾನು ಹಾಗೇ ಮಾಡಿದೆ. ಆಮೇಲೆ ಕೂರಿಸಿದ ಗುರಿ ಒಂದು ಡಬ್ಬಿ ಪೆಲ್ಲೆಟ್ ಖಾಲಿಯಾದರೂ ಕದಲಲಿಲ್ಲ.

ಹಣದ ಲೆಕ್ಕಕ್ಕೆ ಬರೋಣ. ಸ್ಕೋಪು 2,800, ಮೌಂಟು 900, ಒಟ್ಟು 3,700. ನನ್ನ ಸ್ಕೋಪು ಕ್ಲಿಕ್ ತಿರುಗಿಸುವ ಕೆಲಸದಲ್ಲಿ ಸೋತಿತು, ಬೆಳಕಿನಲ್ಲಿ ಹೇಳಿದ್ದಕ್ಕಿಂತ ಕಡಿಮೆ ಬಂತು, ಜಾಗ ಬಿಟ್ಟು ಕದಲದೆ ನಿಲ್ಲುವುದರಲ್ಲಿ ಗೆದ್ದಿತು. ನಾನು ಒಮ್ಮೆ 25 ಮೀಟರಿಗೆ ಗುರಿ ಕೂರಿಸಿ, ತಿರುಪಿನ ಮುಚ್ಚಳ ಹಾಕಿ, ಮತ್ತೆ ಮುಟ್ಟದೆ ಹೊಡೆಯುವವನು. ನನಗೆ ಅಷ್ಟು ಸಾಕು. ಆದ್ದರಿಂದ ವಾಪಸ್ ಕೊಡಲಿಲ್ಲ. ಪ್ರತಿ ದೂರಕ್ಕೂ ಕ್ಲಿಕ್ ತಿರುಗಿಸಿ ಹೊಡೆಯುವವರಿಗೆ ಇದು ತಕ್ಕದ್ದಲ್ಲ, ಅವರು ಹದಿನೈದು ಸಾವಿರ ಕೂಡುವ ತನಕ ರೈಫಲ್ಲಿನ ಮೇಲಿರುವ ತೆರೆದ ಸೈಟಿನಲ್ಲೇ ಅಭ್ಯಾಸ ಮಾಡುವುದು ವಾಸಿ. ಅದು ಪುಕ್ಕಟೆ, ಕೈಯೂ ಪಳಗುತ್ತದೆ.

ಗುರಿ ನಿಲ್ಲದ ಸ್ಕೋಪನ್ನು ಅಗ್ಗವೆಂದು ಇಟ್ಟುಕೊಂಡರೆ ಖರ್ಚು ಬೇರೆ ದಾರಿಯಲ್ಲಿ ಬರುತ್ತದೆ. ಪ್ರತಿ ಭಾನುವಾರ ಗುರಿ ಕೂರಿಸುವುದಕ್ಕೇ ಪೆಲ್ಲೆಟ್ ಸುಟ್ಟು, ತಿಂಗಳಿಗೆ ಐನೂರು ರೂಪಾಯಿಯ ಒಂದು ಡಬ್ಬಿ ಹೆಚ್ಚಿಗೆ ಹೋದರೆ ಎರಡು ವರ್ಷಕ್ಕೆ 12,000. ಅಗ್ಗದ್ದಕ್ಕೂ ಒಳ್ಳೆಯದಕ್ಕೂ ಇದ್ದ ಅಂತರವೇ ಅಷ್ಟು.

ಇನ್ನೊಂದು ಎಚ್ಚರಿಕೆ: ಹೆಸರುವಾಸಿ ಬ್ರ್ಯಾಂಡುಗಳ ನಕಲಿ ಸ್ಕೋಪುಗಳು ಆನ್‌ಲೈನಿನಲ್ಲಿ ಧಾರಾಳವಾಗಿ ಸಿಗುತ್ತವೆ. ಮೂಲ ಬೆಲೆಯ ಕಾಲು ಭಾಗಕ್ಕೆ ಸಿಕ್ಕಿದ್ದು ಆ ಬ್ರ್ಯಾಂಡಿನದ್ದಲ್ಲ. ಹೆಸರಿಲ್ಲದ ಅಗ್ಗದ ಸ್ಕೋಪಿಗಿಂತ ಅದು ಕೆಟ್ಟದ್ದು, ಏಕೆಂದರೆ ಹೆಸರಿನ ಹಣವನ್ನೂ ನಿಮ್ಮಿಂದ ಕಿತ್ತಿರುತ್ತದೆ. ಜಿಎಸ್‌ಟಿ ಬಿಲ್ಲು ಕೊಡದವರಿಂದ ಕೊಳ್ಳಬೇಡಿ. ಪೆಟ್ಟಿಗೆ ಬಿಚ್ಚುವಾಗ ವಿಡಿಯೊ ಮಾಡಿ, ಬಿಲ್ಲು ಜೋಪಾನವಾಗಿಡಿ, ಟಾರ್ಚು ಮತ್ತು ಸ್ಕೇಲಿನ ಪರೀಕ್ಷೆಯನ್ನು ಬಂದ ದಿನವೇ ಮುಗಿಸಿ. ಏಳು ದಿನ ಕಳೆದ ಮೇಲೆ ಅದೇ ದೋಷಕ್ಕೆ ಗ್ರಾಹಕರ ಆಯೋಗದ ತನಕ ಅಲೆಯಬೇಕಾಗುತ್ತದೆ.